ಬುಷ್ ಮೊದಲು, ಅಲೈನ್‌ಮೆಂಟ್ ಆಮೇಲೆ: ದಿನಬಳಕೆಯ ಸ್ಪೋರ್ಟ್ಸ್ ಕಾರಿಗೆ ಕೆಲವು ಕಿವಿಮಾತು



ಹಿಮ ಕರಗಿತೆಂದರೆ ಮಿಷಿಗನ್, ಓಹಾಯೋ, ಇಲಿನಾಯ್ ಕಡೆ ಇರುವ ನಮಗೆಲ್ಲ ರಸ್ತೆಗುಂಡಿಗಳ ಕಾಲ ಶುರುವಾಯಿತೆಂದೇ ಅರ್ಥ. ನಮ್ಮ ಎಷ್ಟೋ ಮನೆಗಳಲ್ಲಿ ಮಿನಿವ್ಯಾನ್ ಪಕ್ಕದಲ್ಲೊಂದು ಮಿಯಾಟಾ, ಮಸ್ಟಾಂಗ್ ಅಥವಾ ಡಬ್ಲ್ಯುಆರ್‌ಎಕ್ಸ್ ನಿಂತಿರುತ್ತದೆ. ಮಗನೋ ಮಗಳೋ ಅದರಲ್ಲೇ ದಿನವೂ ಕೆಲಸಕ್ಕೆ ಹೋಗಿಬರುತ್ತಾರೆ. ಇಂಥ ಕಾರಿನ ಅಲೈನ್‌ಮೆಂಟ್ ತಪ್ಪಿದ್ದರೆ ಹೊಸ ಟೈರು ಬೇಗನೆ ಸವೆಯುವುದಷ್ಟೇ ಅಲ್ಲ, ಮಳೆಯಲ್ಲಿ ಹೈವೇ ಮೇಲೆ ಕಾರಿನ ಹಿಂಭಾಗ ಜಾರುವ ಅಪಾಯವೂ ಇದೆ. ಹಾಗಾಗಿ ಶಾಪ್‌ಗೆ ಹೋಗುವ ಮುನ್ನ ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಮೂರು ಕೋನಗಳು

ಕ್ಯಾಂಬರ್: ಚಕ್ರದ ಮೇಲ್ತುದಿ ಕಾರಿನ ಒಳಕ್ಕೆ ವಾಲಿದ್ದರೆ ಅದು ನೆಗೆಟಿವ್ ಕ್ಯಾಂಬರ್. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ ಟೈರು ಪೂರ್ತಿ ನೆಲ ಕಚ್ಚಲು ಇದು ನೆರವಾಗುತ್ತದೆ. ಅತಿಯಾದರೆ ನೇರ ರಸ್ತೆಯಲ್ಲಿ ಟೈರಿನ ಒಳಅಂಚು ಸವೆಯುತ್ತದೆ.

ಕ್ಯಾಸ್ಟರ್: ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ಓರೆಯಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ಇದೂ ಅದೇ. ತಿರುಗಿಸಿದ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳಲು ಇದೇ ಕಾರಣ. ಇದರಿಂದ ಟೈರು ಸವೆಯುವುದು ಬಹಳ ಕಡಿಮೆ. ಆದರೆ ಎಡಬಲ ಸಮನಾಗಿರಬೇಕು, ಇಲ್ಲದಿದ್ದರೆ ಕಾರು ಒಂದು ಕಡೆಗೆ ಎಳೆಯುತ್ತದೆ.

ಟೋ: ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂತುದಿಗಳು ಒಳಮುಖವಾಗಿದ್ದರೆ ಟೋ-ಇನ್, ಹೊರಮುಖವಾಗಿದ್ದರೆ ಟೋ-ಔಟ್.

ಟೈರು ತಿನ್ನುವವರು ಯಾರು?

ಹೆಚ್ಚಿನವರು ದೂರುವುದು ಕ್ಯಾಂಬರನ್ನು. ಆದರೆ ದಿನಬಳಕೆಯ ಕಾರಿನಲ್ಲಿ ದೊಡ್ಡ ಕಳ್ಳ ಟೋ. ಒಂದು ಲೆಕ್ಕ ನೋಡಿ. 25 ಇಂಚು ವ್ಯಾಸದ ಟೈರುಗಳಿಗೆ ಒಟ್ಟು 1/8 ಇಂಚು ಟೋ ಕೊಟ್ಟರೆ ಪ್ರತಿ ಚಕ್ರದ ಪಾಲು 1/16 ಇಂಚು. ಇಷ್ಟರಿಂದಲೇ ಪ್ರತಿ ಟೈರು ಒಂದು ಮೈಲಿಗೆ ಸುಮಾರು 13 ಅಡಿಯಷ್ಟು ಅಡ್ಡಕ್ಕೆ ಉಜ್ಜಿಕೊಂಡು ಹೋದಂತೆ. ಜೋಡಿ ಎತ್ತುಗಳು ಒಂದೊಂದು ದಿಕ್ಕಿಗೆ ಎಳೆದರೆ ಗಾಡಿಯ ಗತಿ ಏನಾಗುತ್ತದೋ ಅದೇ ಇಲ್ಲಿ ಟೈರಿನ ಗತಿ. 1 ಡಿಗ್ರಿ ಆಸುಪಾಸಿನ ಕ್ಯಾಂಬರ್ ಇಷ್ಟು ಹಾನಿ ಮಾಡುವುದಿಲ್ಲ.

ಟೈರಿನ ಮೇಲೆ ಅಡ್ಡಲಾಗಿ ಕೈಯಾಡಿಸಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ತಾಗಿದರೆ ಟೋ ಮೇಲೆ ಅನುಮಾನ ಪಡಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮುಂದಿನ ಟೈರಿನ ಒಳಅಂಚನ್ನೂ ನೋಡಿ. ಹೊರಗಿನಿಂದ ಹೊಸದರಂತೆ ಕಾಣುವ ಟೈರು ಒಳಗೆ ಬೋಳಾಗಿರುವುದುಂಟು.

ಅಂಕಿ ಎಷ್ಟಿರಲಿ?

1989ರ ಷಿಕಾಗೋ ಆಟೋ ಶೋನಲ್ಲಿ ಮೊದಲು ಕಾಣಿಸಿಕೊಂಡ ಮಾಜ್ದಾ ಮಿಯಾಟಾವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಮೊದಲೆರಡು ಪೀಳಿಗೆಗಳಲ್ಲಿ ಮುಂದೆ ಮೂರೂ ಕೋನಗಳನ್ನು, ಹಿಂದೆ ಕ್ಯಾಂಬರ್ ಮತ್ತು ಟೋ ಎರಡನ್ನೂ ಹೊಂದಿಸಬಹುದು. ರಸ್ತೆ ಬಳಕೆಗೆ ಹೀಗೆ ಶುರು ಮಾಡಬಹುದು:

- ಮುಂದೆ: ಕ್ಯಾಂಬರ್ ಮೈನಸ್ 1 ಡಿಗ್ರಿ, ಕ್ಯಾಸ್ಟರ್ ಸುಮಾರು 5 ಡಿಗ್ರಿ, ಟೋ ಸೊನ್ನೆಯಿಂದ ಒಟ್ಟು 1/16 ಇಂಚು ಟೋ-ಇನ್.
- ಹಿಂದೆ: ಕ್ಯಾಂಬರ್ ಮೈನಸ್ 1.5 ಡಿಗ್ರಿ, ಒಟ್ಟು 1/16ರಿಂದ 1/8 ಇಂಚು ಟೋ-ಇನ್.

ಹಿಂದಿನ ಚಕ್ರಗಳಿಗೆ ಟೋ-ಔಟ್ ಮಾತ್ರ ಬೇಡವೇ ಬೇಡ. ತಿರುವಿನಲ್ಲಿ ಕಾಲು ತೆಗೆದೊಡನೆ ಹಿಂಭಾಗ ಸುತ್ತಿಕೊಳ್ಳುವ ಅಪಾಯ ಇದರಿಂದ ಹೆಚ್ಚುತ್ತದೆ. ರೇಸ್ ಟ್ರ್ಯಾಕ್‌ನವರು ಹೇಳುವ ಮೈನಸ್ 3 ಡಿಗ್ರಿ ಆಫೀಸಿಗೆ ಹೋಗಿಬರುವ ಕಾರಿಗೆ ಹೇಳಿದ್ದಲ್ಲ. ಬೇರೆ ಕಾರುಗಳಿಗೆ ತಯಾರಕರು ಕೊಟ್ಟ ಮಿತಿಯೊಳಗೇ ಇರುವುದು ಕ್ಷೇಮ. ಕೆಲವು ಕಾರುಗಳ ಮುಂಭಾಗದಲ್ಲಿ ಟೋ ಬಿಟ್ಟು ಬೇರೇನನ್ನೂ ಹೊಂದಿಸಲು ಬರುವುದಿಲ್ಲ.

ಬುಷ್ ಸಡಿಲವಿದ್ದರೆ ಎಲ್ಲ ವ್ಯರ್ಥ

ಇಲ್ಲಿ ಬುಶಿಂಗ್ ಎನ್ನುವುದಕ್ಕೆ ನಮ್ಮೂರ ಮೆಕ್ಯಾನಿಕ್‌ಗಳು ಹೇಳುವುದು 'ಬುಷ್'. ಸಸ್ಪೆನ್ಷನ್ ತೋಳುಗಳ ಕೀಲಿನಲ್ಲಿ ಕೂತ ರಬ್ಬರ್ ಅದು. ಹರಿದ ಬುಷ್ ಇರುವ ಕಾರನ್ನು ಯಂತ್ರದ ಮೇಲೆ ನಿಲ್ಲಿಸಿದಾಗ ಅಂಕಿಗಳೆಲ್ಲ ಸರಿಯಾಗಿಯೇ ಕಾಣಬಹುದು. ಬ್ರೇಕ್ ಒತ್ತಿದೊಡನೆ ತೋಳು ಸರಿದು ಟೋ ಬದಲಾಗುತ್ತದೆ. ಗುಂಡಿಯಲ್ಲಿ 'ಟಕ್' ಸದ್ದು, ಬ್ರೇಕ್ ಹಿಡಿದಾಗ ಪಕ್ಕಕ್ಕೆ ಎಳೆತ, ಹೈವೇಯಲ್ಲಿ ಅಲೆದಾಟ ಇದ್ದರೆ ಮೊದಲು ಬುಷ್ ಪರೀಕ್ಷಿಸಿ. ಅದನ್ನು ಬಿಟ್ಟು ದುಬಾರಿ ಸ್ಪ್ರಿಂಗ್ ಹಾಕಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ.

ಆಯ್ಕೆಗಳು ಮೂರು. ರಬ್ಬರ್ ಬುಷ್ ಸದ್ದು ಮಾಡುವುದಿಲ್ಲ, ಆರೈಕೆ ಕೇಳುವುದಿಲ್ಲ, ಗುಂಡಿಯ ಪೆಟ್ಟನ್ನು ನುಂಗುತ್ತದೆ. ಪಾಲಿಯುರೆಥೇನ್ ಗಟ್ಟಿ, ಸ್ಟಿಯರಿಂಗ್ ಚುರುಕಾಗುತ್ತದೆ. ಆದರೆ ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ, ಹಲವು ದಿಕ್ಕಿಗೆ ತಿರುಚಬೇಕಾದ ಕೀಲಿನಲ್ಲಿ ಬಿಗಿದುಕೊಳ್ಳುತ್ತದೆ. ಗೋಳಾಕಾರದ ಲೋಹದ ಬೇರಿಂಗ್ ಅತಿ ನಿಖರ, ಆದರೆ ರಸ್ತೆಯ ಸದ್ದೆಲ್ಲ ಒಳಗೆ ಬರುತ್ತದೆ, ಚಳಿಗಾಲದ ಉಪ್ಪುನೀರಿಗೆ ಬೇಗ ಹಾಳಾಗುತ್ತದೆ. ದಿನಬಳಕೆಗೆ ನಮ್ಮ ಸಲಹೆ ಹೊಸ ರಬ್ಬರ್. ಹತ್ತು ವರ್ಷದ ರಬ್ಬರ್ ತೆಗೆದು ಹೊಸದು ಹಾಕಿದರೇ ಕಾರು ಬೇರೆಯದೇ ಅನ್ನಿಸುತ್ತದೆ.

ಒಂದು ಎಚ್ಚರಿಕೆ: ರಬ್ಬರ್ ಬುಷ್‌ನ ಬೋಲ್ಟನ್ನು ಕೊನೆಯದಾಗಿ ಬಿಗಿಯುವಾಗ ಕಾರಿನ ಭಾರ ಚಕ್ರಗಳ ಮೇಲಿರಬೇಕು. ಚಕ್ರ ನೇತಾಡುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಶಾಪ್‌ನಲ್ಲಿ ಹೀಗೆ ಕೇಳಿ

1. ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಬೇಕು. ಮೊದಲು ಹಿಂದಿನದು, ನಂತರ ಮುಂದಿನದು.
2. 'ಹಸಿರು ಬಂತು' ಎಂದರೆ ಸಾಲದು, ನಿಮ್ಮ ಅಂಕಿಗಳನ್ನು ಬರೆದುಕೊಡಿ. ಮೊದಲಿನ ಮತ್ತು ನಂತರದ ಪ್ರಿಂಟ್‌ಔಟ್ ಕೇಳಿ ಪಡೆಯಿರಿ.
3. ಟೈರಿನ ಗಾಳಿ ಸರಿಯಿರಲಿ, ಡಿಕ್ಕಿಯಲ್ಲಿನ ಸಾಮಾನು ತೆಗೆದಿಡಿ.
4. ಹಳೆಯ ಕಾರಿನಲ್ಲಿ ಹೊಂದಿಸುವ ಬೋಲ್ಟ್‌ಗಳು ತುಕ್ಕು ಹಿಡಿದಿವೆಯೇ ಎಂದು ಮೊದಲೇ ನೋಡಿಸಿ.
5. 2012ರ ಮಾದರಿಯಿಂದ ಅಮೆರಿಕದ ಹೊಸ ಕಾರುಗಳಲ್ಲೆಲ್ಲ ಸ್ಟೆಬಿಲಿಟಿ ಕಂಟ್ರೋಲ್ ಕಡ್ಡಾಯ. ಅಂಥ ಕಾರಿನಲ್ಲಿ ಸ್ಟಿಯರಿಂಗ್ ಕೋನದ ಸೆನ್ಸರ್ ಮರುಹೊಂದಿಸಬೇಕೇ ಎಂದು ಕೇಳಿ.

ಸ್ಪ್ರಿಂಗ್, ಬುಷ್ ಎಲ್ಲ ಬದಲಿಸಿಯಾದ ಮೇಲೆ ಒಂದೇ ಸಲ ಅಲೈನ್‌ಮೆಂಟ್ ಮಾಡಿಸಿದರೆ ಎರಡೆರಡು ಸಲ ದುಡ್ಡು ತೆರುವುದು ತಪ್ಪುತ್ತದೆ. ಈ ವಸಂತದಲ್ಲಿ ದೊಡ್ಡ ಗುಂಡಿಗೆ ಬಿದ್ದ ಕಾರು ನಿಮ್ಮ ಮನೆಯಲ್ಲಿದ್ದರೆ ಈ ವಾರಾಂತ್ಯವೇ ಟೈರಿನ ಒಳಅಂಚು ನೋಡಿಬಿಡಿ.

ಎಲ್ಲರಿಗೂ ಸುಖ ಪ್ರಯಾಣ!