ಚಕ್ರದ ಕೋನ, ಟೈರಿನ ಆಯುಷ್ಯ

ಮಂಗಳೂರಿನ ನಂತೂರಿನಿಂದ ಬಿಕರ್ನಕಟ್ಟೆ, ಕುಲಶೇಖರಗಳನ್ನು ಹಾದು ಮೂಡುಬಿದಿರೆ, ಕಾರ್ಕಳಗಳತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 169ರಂತಹ ಕರಾವಳಿಯ ರಸ್ತೆಗಳಲ್ಲಿ, ಮಳೆನೀರು ತುಂಬಿದ ಹೊಂಡದ ಆಳ ಚಾಲಕನಿಗೆ ತಿಳಿಯುವುದು ಚಕ್ರ ಅದರೊಳಗೆ ಬಿದ್ದ ಮೇಲೆಯೇ. ಆ ಪೆಟ್ಟಿಗೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ತುಸು ಬಾಗಿದರೂ ಚಕ್ರಗಳ ಕೋನ ತಪ್ಪುತ್ತದೆ; ಅದನ್ನು ಕಾರು ತಯಾರಕರು ಸೂಚಿಸಿದ ಅಳತೆಗೆ ಮರಳಿ ತರುವ ಕೆಲಸವೇ ವ್ಹೀಲ್ ಅಲೈನ್‌ಮೆಂಟ್.

ಇದರಲ್ಲಿ ಪರಿಶೀಲಿಸುವ ಮೂರು ಮುಖ್ಯ ಕೋನಗಳ ಪೈಕಿ ಟೈರನ್ನು ಬೇಗ ತಿನ್ನುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ. ಸುಮಾರು 600 ಮಿ.ಮೀ. ವ್ಯಾಸದ ಚಕ್ರವೊಂದು ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಕೇವಲ 3 ಮಿ.ಮೀ. ಓರೆಯಾಗಿದ್ದರೆ, ಲೆಕ್ಕದ ಪ್ರಕಾರ ಅದು ಪ್ರತಿ ಕಿಲೋಮೀಟರಿಗೆ ಸುಮಾರು 5 ಮೀಟರ್ ಅಡ್ಡಕ್ಕೆ ಉಜ್ಜಿಕೊಳ್ಳುತ್ತದೆ. ಹೀಗೆ ಸವೆದ ಟೈರಿನ ಮೇಲೆ ಅಡ್ಡಲಾಗಿ ಕೈಯಾಡಿಸಿದರೆ ಒಂದು ದಿಕ್ಕಿನಲ್ಲಿ ನುಣುಪೂ ಇನ್ನೊಂದು ದಿಕ್ಕಿನಲ್ಲಿ ಗರಗಸದಂತಹ ಒರಟೂ ಸಿಗುತ್ತದೆ. ಟೋ ಹೊರಕ್ಕೆ ಹೆಚ್ಚಾದರೆ ಕಾರು ನೇರ ದಾರಿಯಲ್ಲೂ ಅತ್ತಿತ್ತ ಅಲೆಯುತ್ತದೆ.

ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ ಕ್ಯಾಂಬರ್. ಮೇಲ್ಭಾಗ ಸ್ವಲ್ಪ ಒಳಕ್ಕೆ ವಾಲಿದ್ದರೆ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆಯಾದರೂ, ಮಿತಿಮೀರಿದರೆ ಟೈರಿನ ಒಳ ಅಂಚು ಮಾತ್ರ ಸವೆಯುತ್ತದೆ. ತಿರುವಿನ ಬಳಿಕ ಸ್ಟೀರಿಂಗ್ ತಾನಾಗಿ ನೇರವಾಗುವುದು ಚಕ್ರ ತಿರುಗುವ ಅಕ್ಷದ ಹಿಂಬಾಗುವಿಕೆಯಾದ ಕ್ಯಾಸ್ಟರಿನಿಂದ. ಎಡ–ಬಲಗಳ ಕ್ಯಾಸ್ಟರ್ ಅಸಮವಾದರೆ ಕಾರು ಒಂದು ಬದಿಗೆ ಎಳೆಯುತ್ತದೆ.

ಎಳೆತಕ್ಕೆಲ್ಲ ಅಲೈನ್‌ಮೆಂಟನ್ನೇ ದೂರುವುದು ಮಾತ್ರ ಸರಿಯಲ್ಲ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನತ್ತ ಇಳಿಜಾರಾಗಿ ಕಟ್ಟಿರುವುದರಿಂದ ಸರಿಯಾಗಿರುವ ಕಾರೂ ಕೊಂಚ ಎಡಕ್ಕೆ ಸರಿಯುತ್ತದೆ. ಎರಡೂ ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆಯಿತ್ತೆಂದೂ ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತೆಂದೂ ಊಹಿಸಬಹುದು. ವೇಗ ಹೆಚ್ಚಿದಂತೆ ಸ್ಟೀರಿಂಗ್ ನಡುಗಿದರೆ ಮೊದಲು ನೋಡಬೇಕಾದದ್ದು ವ್ಹೀಲ್ ಬ್ಯಾಲೆನ್ಸಿಂಗ್.

ಸಡಿಲಗೊಂಡ ಬಾಲ್ ಜಾಯಿಂಟ್, ಸವೆದ ಬುಷ್‌ಗಳನ್ನು ಬದಲಿಸದೆ ಮಾಡಿಸಿದ ಅಲೈನ್‌ಮೆಂಟ್ ದಂಡದ ಖರ್ಚು. ಆದುದರಿಂದ ಮೊದಲು ಅವುಗಳನ್ನು ಪರೀಕ್ಷಿಸಿ, ಹೊಂದಾಣಿಕೆಯ ಹಿಂದಿನ ಮತ್ತು ನಂತರದ ಅಳತೆಗಳ ಮುದ್ರಿತ ಹಾಳೆಯನ್ನು ಕೇಳಿ ಪಡೆಯಬೇಕು. ಈಗಾಗಲೇ ಸವೆದುಹೋದ ಟೈರನ್ನು ಯಾವ ಅಲೈನ್‌ಮೆಂಟೂ ಸರಿಪಡಿಸದು. ಟ್ರೆಡ್ಡಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾದ ಕಾರಿನ ಟೈರನ್ನು ರಸ್ತೆಯಲ್ಲಿ ಬಳಸಲು ಕೇಂದ್ರ ಮೋಟಾರು ವಾಹನ ನಿಯಮಗಳು ಅವಕಾಶ ಕೊಡುವುದಿಲ್ಲ.