ನಾಲಿಗೆಯಡಿಯ ಮಾತ್ರೆ ಮಾಡುವುದೇನು?

ಒಂಟಿಕೊಪ್ಪಲ್ ಬಳಿಯ ಚೆಲುವಾಂಬ ಉದ್ಯಾನದಲ್ಲಿ ಬೆಳಿಗ್ಗೆ ಸುತ್ತು ಹಾಕುವ ಹಿರಿಯರಲ್ಲಿ ಕೆಲವರ ಅಂಗಿಯ ಜೇಬಿನಲ್ಲಿ ಸಾರ್ಬಿಟ್ರೇಟ್ ಮಾತ್ರೆ ಇದ್ದೀತು. ಎದೆ ಹಿಡಿದಂತಾದರೆ ಒಂದನ್ನು ನಾಲಿಗೆಯಡಿ ಇಟ್ಟುಕೊಳ್ಳುತ್ತಾರೆ. ಕೆಲವೇ ನಿಮಿಷಗಳಲ್ಲಿ ನೋವು ಇಳಿಯುತ್ತದೆ. ಮಾತ್ರೆ ‘ಬ್ಲಾಕ್’ ಕರಗಿಸಿತೆಂದು ನೆಮ್ಮದಿಪಡುವವರೂ ಉಂಟು. ಅದು ಕರಗಿಸುವುದಿಲ್ಲ.

ಈ ಮಾತ್ರೆ ನೈಟ್ರೇಟ್ ಎಂಬ ಔಷಧಗಳ ಗುಂಪಿಗೆ ಸೇರಿದ್ದು. ಆ ಗುಂಪಿನ ಹಿರಿಯಣ್ಣ ನೈಟ್ರೋಗ್ಲಿಸರಿನ್, ಕೋಲಾರದ ಗಣಿಗಳಲ್ಲಿ ಬಂಡೆ ಸಿಡಿಸುತ್ತಿದ್ದ ಡೈನಮೈಟಿನ ಜೀವಾಳ. 1847ರಲ್ಲಿ ಅದನ್ನು ಮೊದಲು ತಯಾರಿಸಿದ ಇಟಲಿಯ ಅಸ್ಕಾನಿಯೊ ಸೊಬ್ರೆರೊ, ನಾಲಿಗೆಗೆ ತುಸು ಸೋಕಿಸಿಕೊಂಡು ವಿಪರೀತ ತಲೆನೋವು ಅನುಭವಿಸಿದರು. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಎದೆನೋವಿಗೆ ಅದೇ ಮದ್ದೆಂದು ಬರೆದರು. ಕೊನೆಗಾಲದಲ್ಲಿ ಹೃದ್ರೋಗಿಯಾದ ಆಲ್ಫ್ರೆಡ್ ನೊಬೆಲ್‌ಗೂ ವೈದ್ಯರು ಕೊಟ್ಟದ್ದು ಇದನ್ನೇ! ಮಾತ್ರೆ ಸಿಡಿಯುವುದಿಲ್ಲ, ಭಯ ಬೇಡ.

ದೇಹದೊಳಗೆ ನೈಟ್ರೇಟಿನಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹುಟ್ಟಿ ರಕ್ತನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ. ಈ ಅನಿಲದ ಪಾತ್ರವನ್ನು ಬಯಲಿಗೆ ತಂದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ದೊರೆತದ್ದು ನೊಬೆಲ್ ಬಹುಮಾನವೇ. ಮಾತ್ರೆಯ ಪ್ರಭಾವ ಹೆಚ್ಚಾಗಿ ಕಾಣುವುದು ಹೃದಯದ ನಾಳಗಳಲ್ಲಲ್ಲ, ಮೈಯಿಂದ ಹೃದಯಕ್ಕೆ ರಕ್ತ ಮರಳಿ ತರುವ ಅಭಿಧಮನಿಗಳಲ್ಲಿ. ಅವು ಹಿಗ್ಗಿದಾಗ ರಕ್ತ ಅಲ್ಲೇ ತುಸು ತಂಗುತ್ತದೆ. ಹೃದಯಕ್ಕೆ ಬಂದು ಸೇರುವುದು ಕಡಿಮೆಯಾಗುತ್ತದೆ. ತುಂಬಿದ ಕೊಡದ ಬದಲು ಮುಕ್ಕಾಲು ಕೊಡ ಹೊತ್ತಂತೆ. ದುಡಿಮೆ ತಗ್ಗಿದ ಹೃದಯಕ್ಕೆ ಆಮ್ಲಜನಕವೂ ಕಡಿಮೆ ಸಾಕು. ಹೃದಯಕ್ಕೇ ರಕ್ತ ಉಣಿಸುವ ಕರೋನರಿ ಧಮನಿಗಳೂ, ಬ್ಲಾಕನ್ನು ಬಳಸಿ ಸಾಗುವ ಕಿರುನಾಳಗಳೂ ಹಿಗ್ಗುತ್ತವೆ, ನಿಜ. ಆದರೆ ಕೊಬ್ಬು ಕಟ್ಟಿ ಗಡುಸಾದ ಜಾಗ ಅಷ್ಟಾಗಿ ಹಿಗ್ಗದು. ಕಟ್ಟಿದ ಕೊಬ್ಬು ಅಲ್ಲೇ ಇರುತ್ತದೆ. ಆದ್ದರಿಂದಲೇ ಆಸ್ಪಿರಿನ್, ಕೊಲೆಸ್ಟರಾಲ್ ಮಾತ್ರೆಗಳನ್ನು ವೈದ್ಯರು ಬೇರೆಯಾಗಿ ಬರೆದುಕೊಡುವುದು. ನೋವಿಲ್ಲವೆಂದು ಅವನ್ನು ಬಿಡುವವರೇ ಅಪಾಯಕ್ಕೆ ಹತ್ತಿರದವರು.

ಮಾತ್ರೆಯನ್ನು ಕುಳಿತೇ ಇಟ್ಟುಕೊಳ್ಳಬೇಕು. ನಿಂತಿದ್ದರೆ ರಕ್ತದೊತ್ತಡ ಕುಸಿದು ಬವಳಿ ಬಂದೀತು. ತಲೆ ಸಿಡಿಯುವುದೂ ನಾಳ ಹಿಗ್ಗಿದ್ದರಿಂದಲೇ. ಸೊಬ್ರೆರೊಗೆ ಆದದ್ದೂ ಅದೇ. ವಯಾಗ್ರದಂಥ ಮಾತ್ರೆ ನುಂಗಿದವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಎರಡೂ ಸೇರಿದರೆ ಒತ್ತಡ ಪ್ರಾಣಾಪಾಯದ ಮಟ್ಟಕ್ಕೆ ಇಳಿಯಬಹುದು.

ಐದು ನಿಮಿಷವಾದರೂ ನೋವು ಇಳಿಯದಿದ್ದರೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿರುವ ಸಾಧ್ಯತೆಯಿದೆ. ಆಗ 108ಕ್ಕೆ ಕರೆ ಮಾಡಬೇಕು. ಒಂಟಿಕೊಪ್ಪಲಿನವರಿಗೆ ಜಯದೇವ ಹೃದ್ರೋಗ ಆಸ್ಪತ್ರೆ ಕೆ.ಆರ್.ಎಸ್. ರಸ್ತೆಯಲ್ಲೇ ಇದೆ. ಇನ್ನು ನೋವು ಇಳಿದ ಮಾತ್ರಕ್ಕೆ ಅದು ಹೃದಯಾಘಾತವಲ್ಲ ಎನ್ನಲೂ ಬರುವುದಿಲ್ಲ. ಅದನ್ನು ಹೇಳಬೇಕಾದ್ದು ಇಸಿಜಿ ಮತ್ತು ರಕ್ತಪರೀಕ್ಷೆ.