ಪೇಟೆಬೀದಿಯ ಪಾರಂಪರಿಕ ಕಟ್ಟಡಗಳು ಮತ್ತು ಪಾಲಿಕೆಯ ಪಟ್ಟಿ: ಮುಂಬಯಿಯ ಅನುಭವ, ಮೈಸೂರಿನ ಪಾಠ

ನಮ್ಮ ನಾಡಿನ ವಾಸ್ತು ಪರಂಪರೆಯ ಅಧ್ಯಯನವು ಬಹುಕಾಲ ದೇವಾಲಯ, ಕೋಟೆ, ಅರಮನೆಗಳ ಸುತ್ತಲೇ ಬೆಳೆದುಬಂದಿದೆ. ಶಾಸನ, ಶಿಲ್ಪ, ರಾಜಾಶ್ರಯ ಇರುವೆಡೆಗೆ ಸಂಶೋಧಕನ ದೃಷ್ಟಿ ಹರಿಯುವುದು ಸಹಜವೇ. ಆದರೆ ಒಂದು ಊರಿನ ನಿತ್ಯಜೀವನದ ಚರಿತ್ರೆ ಹೆಚ್ಚಾಗಿ ಉಳಿದಿರುವುದು ಅದರ ಪೇಟೆಬೀದಿಯಲ್ಲಿ. ಕೆಳಗೆ ಅಂಗಡಿ, ಮೇಲೆ ವಾಸದ ಮನೆ ಅಥವಾ ಕಚೇರಿ, ಮುಂದೆ ನೆರಳಿನ ಮೊಗಸಾಲೆ, ಇಂತಹ ಕಟ್ಟಡಗಳ ಸಾಲು ಯಾವ ರಾಜನ ವಿಜಯವನ್ನೂ ಸಾರುವುದಿಲ್ಲ. ಊರು ಹೇಗೆ ವ್ಯಾಪಾರ ಮಾಡಿತು, ಹೇಗೆ ನಡೆದಾಡಿತು, ಮಳೆ ಬಿಸಿಲುಗಳಿಗೆ ಹೇಗೆ ಹೊಂದಿಕೊಂಡಿತು ಎಂಬುದನ್ನು ಮಾತ್ರ ಅದು ತಿಳಿಸುತ್ತದೆ. ಇವುಗಳನ್ನು ರಕ್ಷಿಸಲು ನಗರಾಡಳಿತಗಳು ರೂಪಿಸಿಕೊಂಡ ಮುಖ್ಯ ಸಾಧನವೇ ಪಾರಂಪರಿಕ ಪಟ್ಟಿ. ಆ ಪಟ್ಟಿ ಏನನ್ನು ಸಾಧಿಸಬಲ್ಲದು, ಏನನ್ನು ಸಾಧಿಸಲಾರದು ಎಂಬುದನ್ನು ಮುಂಬಯಿಯ ದಾದಾಭಾಯಿ ನವರೋಜಿ ರಸ್ತೆಯನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸಿ, ಆ ಬೆಳಕಿನಲ್ಲಿ ಮೈಸೂರಿನ ಸ್ಥಿತಿಯನ್ನು ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ಮಾರಕ ಕಾನೂನಿನ ಮಿತಿ

ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಬ್ರಿಟಿಷರ ಕಾಲದಲ್ಲೇ, 1904ರಲ್ಲಿ, ಒಂದು ಕಾಯಿದೆ ಬಂದಿತು. ಸ್ವಾತಂತ್ರ್ಯಾನಂತರ 1958ರಲ್ಲಿ ಕೇಂದ್ರ ಸರ್ಕಾರವೂ 1961ರಲ್ಲಿ ನಮ್ಮ ರಾಜ್ಯವೂ ಪ್ರತ್ಯೇಕ ಕಾನೂನುಗಳನ್ನು ರೂಪಿಸಿಕೊಂಡವು. ಸ್ಮಾರಕವನ್ನು ಸುತ್ತಲಿನ ಬಳಕೆಯಿಂದ ಬೇರ್ಪಡಿಸಿ, ಇದ್ದ ಸ್ಥಿತಿಯಲ್ಲೇ ಕಾಪಾಡುವುದು ಇಂತಹ ಕಾನೂನುಗಳ ಮೂಲಭಾವ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ ಎಂಬ ನಿಬಂಧನೆಯಲ್ಲಿ ಈ ಭಾವ ಸ್ಪಷ್ಟವಾಗಿ ಕಾಣುತ್ತದೆ.

ಈ ಕ್ರಮವನ್ನು ಪೇಟೆಬೀದಿಗೆ ಅನ್ವಯಿಸುವುದು ಅಸಾಧ್ಯ. ಒಂದು ಹಳೆಯ ಜವಳಿ ಅಂಗಡಿಯನ್ನು ಸ್ಮಾರಕವೆಂದು ಘೋಷಿಸಿದರೆ ಇಡೀ ಪೇಟೆಯೇ ನಿಷೇಧಿತ ಪ್ರದೇಶವಾದೀತು. ಮೇಲಾಗಿ ಅಂಗಡಿ ನಡೆಯುತ್ತಿರುವುದೇ ಆ ಕಟ್ಟಡದ ಜೀವ. ಅದನ್ನು ಮುಚ್ಚಿ ಗೋಡೆಯನ್ನು ಮಾತ್ರ ಉಳಿಸಿದರೆ ಉಳಿಯುವುದು ಪೇಟೆಯಲ್ಲ. ಆದ್ದರಿಂದ ಬಳಕೆಯನ್ನು ತಡೆಯದೆ ರೂಪವನ್ನು ಕಾಯುವ, ಒಂದೊಂದು ಕಟ್ಟಡದ ಜೊತೆಗೆ ಸಾಲನ್ನೂ ಕಾಯುವ ಬೇರೊಂದು ವ್ಯವಸ್ಥೆ ಅಗತ್ಯವಾಯಿತು.

ಹಾರ್ನ್‌ಬಿ ರಸ್ತೆಯಿಂದ ದಾದಾಭಾಯಿ ನವರೋಜಿ ರಸ್ತೆಗೆ

ಇಂದಿನ ದಾದಾಭಾಯಿ ನವರೋಜಿ ರಸ್ತೆಯ ಹಳೆಯ ಹೆಸರು ಹಾರ್ನ್‌ಬಿ ರಸ್ತೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿಯ ಗವರ್ನರನಾಗಿದ್ದ ವಿಲಿಯಂ ಹಾರ್ನ್‌ಬಿಯ ಹೆಸರು ಅದು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರನ ಅವಧಿಯಲ್ಲಿ ಕೋಟೆಯ ಗೋಡೆಗಳನ್ನು ಕೆಡವಿದಾಗ, ಅದುವರೆಗೆ ಕಿರಿದಾಗಿದ್ದ ಈ ದಾರಿ ಅಗಲವಾಯಿತು. ಉತ್ತರದ ಕ್ರಾಫರ್ಡ್ ಮಾರುಕಟ್ಟೆಯ ಕಡೆಯಿಂದ ರೈಲು ನಿಲ್ದಾಣದ ಮುಂದೆ ಹಾದು ದಕ್ಷಿಣದ ಫ್ಲೋರಾ ಕಾರಂಜಿಯವರೆಗೆ ಸಾಗುವ ಈ ಬೀದಿಯಲ್ಲಿ ಮುಂದಿನ ಐದಾರು ದಶಕಗಳಲ್ಲಿ ಭವ್ಯ ಕಟ್ಟಡಗಳು ಎದ್ದವು. ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸಗೊಳಿಸಿದ ವಿಕ್ಟೋರಿಯಾ ಟರ್ಮಿನಸ್, ಅಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, 1888ರಲ್ಲಿ ಪೂರ್ಣಗೊಂಡಿತು. ಅದರೆದುರಿನ ಪಾಲಿಕೆಯ ಕಟ್ಟಡ 1893ರಲ್ಲಿ. ಇವುಗಳ ನಡುವೆ ಪಾರಸಿಗಳ ಅಗ್ನಿಮಂದಿರ, ಗ್ರಂಥಾಲಯ, ಬ್ಯಾಂಕು, ಪತ್ರಿಕಾಲಯ, ಅಂಗಡಿಗಳು ತಲೆಯೆತ್ತಿದವು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಕಟ್ಟಡಗಳ ಶೈಲಿ ಒಂದೇ ಅಲ್ಲ. ಗಾಥಿಕ್, ನವ-ಅಭಿಜಾತ, ಇಂಡೋ-ಸಾರಸೆನಿಕ್ ಶೈಲಿಗಳು ಅಕ್ಕಪಕ್ಕದಲ್ಲಿಯೇ ಇವೆ. ಹೀಗಿದ್ದೂ ಬೀದಿಯು ಒಂದೇ ರಚನೆಯಂತೆ ಕಾಣುವುದಕ್ಕೆ ಕಾರಣ 1896ರ ಒಂದು ನಿಯಮ. ಬೀದಿಗೆ ಮುಖಮಾಡಿದ ಕಟ್ಟಡಗಳ ನೆಲಮಟ್ಟದಲ್ಲಿ ಪಾದಚಾರಿಗಳಿಗೆ ಕಮಾನುಸಾಲಿನ ಮೊಗಸಾಲೆ ಇರಲೇಬೇಕೆಂದು ಅದು ವಿಧಿಸಿತು. ಮಾಲೀಕರು ಬೇರೆ, ವಾಸ್ತುಶಿಲ್ಪಿಗಳು ಬೇರೆ. ಆದರೆ ನೆರಳು ಒಂದೇ. ಫೋರ್ಟ್ ಪರಿಸರದ ಉಪಾಹಾರಗೃಹಗಳಲ್ಲಿ ಹಗಲು ದುಡಿದು ರಾತ್ರಿಶಾಲೆಗಳಲ್ಲಿ ಓದಿದ ಕರಾವಳಿಯ ಕನ್ನಡ-ತುಳು ಭಾಷಿಕರ ತಲೆಮಾರುಗಳಿಗೂ ಮುಂಗಾರಿನಲ್ಲಿ ಈ ಮೊಗಸಾಲೆಗಳೇ ಆಸರೆ. ಹೀಗೆ ಪೇಟೆಬೀದಿಯ ಸೌಂದರ್ಯವೆಂದು ನಾವು ಕರೆಯುವುದು ವಾಸ್ತವವಾಗಿ ಒಂದು ಪೌರ ನಿಯಮದ ಫಲ. ನಿಯಮದಿಂದ ಹುಟ್ಟಿದ್ದನ್ನು ನಿಯಮದಿಂದಲೇ ಉಳಿಸಬೇಕಾಗುತ್ತದೆ.

1995ರ ನಿಯಮಾವಳಿ ಮತ್ತು ದರ್ಜೆಗಳು

ಮುಂಬಯಿಯ ಪಾರಂಪರಿಕ ನಿಯಮಾವಳಿ 1995ರಲ್ಲಿ ಜಾರಿಗೆ ಬಂದಿತು. ನಗರದ 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳ 67ನೆಯ ನಿಯಮವಾಗಿ ಅದು ಸೇರಿತು. ಇದರೊಡನೆ ಆರುನೂರಕ್ಕೂ ಹೆಚ್ಚು ಕಟ್ಟಡ ಮತ್ತು ಆವರಣಗಳ ಪಟ್ಟಿ ಪ್ರಕಟವಾಯಿತು. ಭಾರತದ ನಗರಗಳ ಪಾರಂಪರಿಕ ಪಟ್ಟಿಗಳಿಗೆ ಇದು ಮೇಲ್ಪಂಕ್ತಿಯಾಯಿತೆನ್ನಬಹುದು. ನಗರ ಯೋಜನೆಯ ಹೊಸ ನಿಯಮಗಳು 2018ರಲ್ಲಿ ಜಾರಿಗೆ ಬಂದಾಗಲೂ ಈ ವ್ಯವಸ್ಥೆಯ ಮೂಲ ಸ್ವರೂಪ ಮುಂದುವರಿಯಿತು.

ಪಟ್ಟಿಯ ಹೃದಯವೆಂದರೆ ಅದರ ದರ್ಜೆಗಳು. ಮೊದಲ ದರ್ಜೆಯ ಕಟ್ಟಡಗಳು ನಗರದ ಹೆಗ್ಗುರುತುಗಳು. ಕಟ್ಟಡವನ್ನು ಬಲಪಡಿಸಲು ಅಗತ್ಯವಾದುದನ್ನು ಬಿಟ್ಟು ಹೊರಗಾಗಲಿ ಒಳಗಾಗಲಿ ಬದಲಾವಣೆಗೆ ಅವಕಾಶವಿಲ್ಲ. ಎರಡನೆಯ ದರ್ಜೆಯಲ್ಲಿ ಎ, ಬಿ ಎಂಬ ಎರಡು ವಿಭಾಗಗಳಿವೆ. ಎ ವಿಭಾಗದಲ್ಲಿ ಹೊರರೂಪವನ್ನು ಕಾಪಾಡಿಕೊಂಡು ಒಳಗೆ ಹೊಸ ಬಳಕೆಗೆ ತಕ್ಕ ಮಾರ್ಪಾಡು ಮಾಡಬಹುದು. ಬಿ ವಿಭಾಗದಲ್ಲಿ ಮೂಲ ಕಟ್ಟಡಕ್ಕೆ ಹೊಂದುವಂತೆ ಅದೇ ನಿವೇಶನದಲ್ಲಿ ಹೆಚ್ಚುವರಿ ಕಟ್ಟಡವನ್ನೂ ಪರಿಗಣಿಸಬಹುದು. ಮೂರನೆಯ ದರ್ಜೆಯವು ಒಂಟಿಯಾಗಿ ನೋಡಿದರೆ ಸಾಧಾರಣವೆನಿಸಿದರೂ ಬೀದಿಯ ಚಹರೆಗೆ ಕಾರಣವಾದವು; ಇವುಗಳಲ್ಲಿ ಬದಲಾವಣೆಗೆ ಹೆಚ್ಚು ಅವಕಾಶವಿದೆ, ಕಟ್ಟಡ ಶಿಥಿಲವಾದರೆ ಪುನರ್ನಿರ್ಮಾಣಕ್ಕೂ ಎಡೆಯಿದೆ.

ಪಟ್ಟಿಗೆ ಹೊಸ ಹೆಸರು ಸೇರಿಸುವಾಗ ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆಗಳನ್ನು ಆಹ್ವಾನಿಸಬೇಕು. ಕೆಲಸಕ್ಕೆ ಅನುಮತಿ ಕೋರಿ ಬಂದ ಅರ್ಜಿಗಳ ಬಗ್ಗೆ ಪಾರಂಪರಿಕ ಸಂರಕ್ಷಣಾ ಸಮಿತಿಯು ಪಾಲಿಕೆಯ ಆಯುಕ್ತರಿಗೆ ಸಲಹೆ ನೀಡುತ್ತದೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡ ಸರ್ಕಾರದ ಸ್ವತ್ತಾಗುವುದಿಲ್ಲ; ಮಾರಾಟ, ಬಾಡಿಗೆ, ವ್ಯಾಪಾರಗಳಿಗೆ ಅಡ್ಡಿಯಿಲ್ಲ. ಕೆಡವುವ ಅಥವಾ ಬದಲಿಸುವ ಮೊದಲು ಕೇಳಬೇಕು ಎಂಬುದಷ್ಟೇ ಪಟ್ಟಿಯ ಕಟ್ಟಳೆ. ಮಾಲೀಕರಲ್ಲಿ ಇದರ ಬಗ್ಗೆ ಭೀತಿ ಇರುವುದು ನಿಜ. 2012ರಲ್ಲಿ ಮುಂಬಯಿಯ ಪಟ್ಟಿಯನ್ನು ವಿಸ್ತರಿಸುವ ಪ್ರಸ್ತಾಪ ಬಂದಾಗ ಶಿವಾಜಿ ಪಾರ್ಕ್ ಪರಿಸರದ ಅನೇಕ ನಿವಾಸಿಗಳು ಅದನ್ನು ವಿರೋಧಿಸಿದರು. ಹಳೆಯ ಮನೆಯ ಪುನರ್ನಿರ್ಮಾಣದಲ್ಲಿ ತಮ್ಮ ಭವಿಷ್ಯವನ್ನು ಕಂಡವರ ಆತಂಕವನ್ನು ಪರಂಪರೆಯ ಬಗೆಗಿನ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ.

ಫಲಕಗಳ ಹಿಂದಿನ ಕಮಾನುಗಳು

ಪಟ್ಟಿಯಲ್ಲಿ ಸ್ಥಾನ ದೊರೆತಾಗ ನವರೋಜಿ ರಸ್ತೆಯ ಸ್ಥಿತಿ ಶೋಚನೀಯವಾಗಿತ್ತು. ಕಟ್ಟಡಗಳನ್ನು ಯಾರೂ ಕೆಡವಿರಲಿಲ್ಲ. ಆದರೆ ಅಂಗಡಿಗಳ ಬೃಹತ್ ಫಲಕಗಳು ಕಮಾನುಗಳನ್ನೂ ಕೆತ್ತನೆಗಳನ್ನೂ ಮುಚ್ಚಿದ್ದವು. 1990ರ ದಶಕದ ಕೊನೆಯಲ್ಲಿ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ನೆರವಿನಿಂದ ವಾಸ್ತುಶಿಲ್ಪಿ ಆಭಾ ನಾರಾಯಣ ಲಾಂಬಾ ಅವರು ಈ ಬೀದಿಗಾಗಿ ಮಾರ್ಗದರ್ಶಿ ಸೂತ್ರಗಳನ್ನು ಸಿದ್ಧಪಡಿಸಿದರು. ಫಲಕವು ಕಮಾನಿನ ಚೌಕಟ್ಟಿನೊಳಗೆ ಹೊಂದಿಕೊಳ್ಳಬೇಕು, ಕಲ್ಲಿನ ಕೆಲಸವನ್ನು ಮರೆಮಾಡಬಾರದು ಎಂಬಂತಹ ಸರಳ ಸೂತ್ರಗಳವು. ಪಾಲಿಕೆಯು ನಿಯಮದ ಬಲವನ್ನು ಒದಗಿಸಿತು, ಅಂಗಡಿಕಾರರು ಸಹಕರಿಸಿದರು. ಪೀಠ, ದೀಪ, ಸೂಚನಾ ಫಲಕಗಳೂ ಬೀದಿಗೆ ತಕ್ಕಂತೆ ರೂಪುಗೊಂಡವು. ಈ ಕಾರ್ಯಕ್ಕೆ 2004ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಪ್ರಶಸ್ತಿಗಳಲ್ಲಿ ಮನ್ನಣೆ ದೊರೆಯಿತು.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಪೇಟೆಬೀದಿಯಲ್ಲಿ ಕಟ್ಟಡಕ್ಕಿಂತ ಸಾಲು ಮುಖ್ಯ. ಆದ್ದರಿಂದ ಪಟ್ಟಿಯು ಬೀದಿಯನ್ನೇ ಒಂದು ಘಟಕವಾಗಿ ಪರಿಗಣಿಸಬೇಕು. ಎರಡನೆಯದು, ವ್ಯಾಪಾರಿಯ ಒಪ್ಪಿಗೆಯಿಲ್ಲದೆ ಪೇಟೆಯ ರಕ್ಷಣೆ ನಡೆಯದು.

ಪಟ್ಟಿಯು ಮಾಡಲಾರದ ಕೆಲಸ

ಇದೇ ಬೀದಿಯಿಂದ ಸ್ವಲ್ಪ ದೂರದಲ್ಲಿ, ಕಾಲಾ ಘೋಡಾದಲ್ಲಿ, ಪಟ್ಟಿಯ ಮಿತಿಯನ್ನು ತೋರುವ ಕಟ್ಟಡವೂ ಇದೆ. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಎರಕಹೊಯ್ದ ಕಬ್ಬಿಣದ ಭಾಗಗಳನ್ನು ಹಡಗಿನಲ್ಲಿ ತಂದು ಜೋಡಿಸಿದ ವಾಟ್ಸನ್ ಹೋಟೆಲು ಅದು. ಇಂದಿನ ಎಸ್‌ಪ್ಲನೇಡ್ ಮ್ಯಾನ್ಷನ್. ಲುಮಿಯೇರ್ ಸೋದರರ ಚಲನಚಿತ್ರಗಳು 1896ರ ಜುಲೈ 7ರಂದು ಭಾರತದಲ್ಲಿ ಮೊದಲು ಪ್ರದರ್ಶಿತವಾದುದು ಇಲ್ಲಿಯೇ. ಪಟ್ಟಿಯಲ್ಲಿ ಇದಕ್ಕೆ ಎರಡನೆಯ ದರ್ಜೆಯ ಎ ವಿಭಾಗದ ಗೌರವವಿದೆ. ಆದರೂ 2005ರಲ್ಲಿ ಅದರ ಒಂದು ಭಾಗ ಕುಸಿದು ಒಬ್ಬರು ಮೃತಪಟ್ಟರು. 2019ರಲ್ಲಿ ಬಾಂಬೆ ಉಚ್ಚ ನ್ಯಾಯಾಲಯದ ಆದೇಶದಂತೆ ಬಾಡಿಗೆದಾರರು ಅದನ್ನು ತೆರವುಗೊಳಿಸಬೇಕಾಯಿತು.

ಯಾರೂ ಕೆಡವದ ಕಟ್ಟಡ ಹೀಗೆ ಬೀಳುವುದೇಕೆ? 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯು 1940ರ ಸೆಪ್ಟೆಂಬರ್ 1ರ ಬಾಡಿಗೆಯನ್ನು ಮಾನದಂಡವಾಗಿ ಇರಿಸಿಕೊಂಡಿತು. ಬಾಡಿಗೆದಾರನಿಗೆ ಇದು ನ್ಯಾಯವಾದ ರಕ್ಷಣೆಯೇ. ಆದರೆ ದಶಕಗಳು ಕಳೆದಂತೆ ಬರುವ ಬಾಡಿಗೆ ದುರಸ್ತಿಯ ವೆಚ್ಚಕ್ಕೆ ಸಾಲದಾಯಿತು. ಮಾಲೀಕನಿಗೆ ದುರಸ್ತಿಯಲ್ಲಿ ಲಾಭವಿಲ್ಲ, ಬಾಡಿಗೆದಾರನಿಗೆ ಒಡೆತನವಿಲ್ಲ. ಇಬ್ಬರ ನಡುವೆ ಮಳೆನೀರು ಮಾತ್ರ ತನ್ನ ಕೆಲಸವನ್ನು ಮಾಡಿತು. ನಷ್ಟಹೊಂದುವ ಮಾಲೀಕನಿಗೆ ಹಸ್ತಾಂತರಿಸಬಹುದಾದ ಅಭಿವೃದ್ಧಿ ಹಕ್ಕನ್ನು ನೀಡುವ ಅವಕಾಶ 1995ರ ನಿಯಮಾವಳಿಯಲ್ಲಿಯೇ ಇತ್ತು. ಆದರೆ ಬಳಸದೆ ಉಳಿದ ಹಕ್ಕನ್ನು ಕಳೆದುಕೊಂಡವನಿಗೆ ಮಾತ್ರ ಅದು ನೆರವಾಗುತ್ತದೆ. ಹಳೆಯ ಪೇಟೆಯ ಕಟ್ಟಡ ಅನೇಕ ವೇಳೆ ನಿವೇಶನವನ್ನು ಪೂರ್ತಿ ತುಂಬಿಕೊಂಡಿರುತ್ತದೆ. ಅಂತಹ ಮಾಲೀಕನಿಗೆ ಮಾರಲು ಉಳಿದಿರುವುದು ಅಲ್ಪ. ಪಟ್ಟಿಯು ಗುದ್ದಲಿಯನ್ನು ತಡೆಯಬಲ್ಲದು, ಸೋರಿಕೆಯನ್ನು ತಡೆಯಲಾರದು.

ಮೈಸೂರಿನ ಪಾಠ

ಮೈಸೂರಿನಲ್ಲಿ ಇನ್ನೂರಕ್ಕೂ ಹೆಚ್ಚು ಪಾರಂಪರಿಕ ಕಟ್ಟಡಗಳನ್ನು ಗುರುತಿಸಲಾಗಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಲ್ಲಿಯೂ ಪಾರಂಪರಿಕ ಕಟ್ಟಡ, ಪಾರಂಪರಿಕ ಆವರಣಗಳ ವ್ಯಾಖ್ಯಾನ ಸೇರಿದೆ. ಜಂಬೂಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆ, ಅದರ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡಗಳು ನಮ್ಮ ನಾಡಿನ ಪೇಟೆಬೀದಿ ವಾಸ್ತುವಿನ ಉತ್ತಮ ಮಾದರಿಗಳು. ವೈಸರಾಯ್ ಲ್ಯಾನ್ಸ್‌ಡೌನನ ಭೇಟಿಯ ನೆನಪಿಗಾಗಿ 1892ರಲ್ಲಿ ನಿರ್ಮಾಣವಾದ ಲ್ಯಾನ್ಸ್‌ಡೌನ್ ಕಟ್ಟಡದ ಕಮಾನುಸಾಲಿನ ಮಳಿಗೆಗಳಲ್ಲಿ ಹಳೆಯ ಪುಸ್ತಕಗಳನ್ನು ಹುಡುಕಿದ ವಿದ್ಯಾರ್ಥಿಗಳು ಹಲವರು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷಗಳ ತರುವಾಯ, 2016ರ ಆಗಸ್ಟಿನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಕುಸಿಯಿತು. ದುರಸ್ತಿಯೋ, ಕೆಡವಿ ಪುನರ್ನಿರ್ಮಾಣವೋ ಎಂಬ ಪ್ರಶ್ನೆಯಲ್ಲಿ ತಜ್ಞರಲ್ಲಿಯೇ ಭಿನ್ನಾಭಿಪ್ರಾಯ ಉಂಟಾಗಿ ವಿವಾದ ನ್ಯಾಯಾಲಯವನ್ನು ಮುಟ್ಟಿತು.

ಮುಂಬಯಿಗೂ ಮೈಸೂರಿಗೂ ಇರುವ ಒಂದು ವ್ಯತ್ಯಾಸವನ್ನು ಇಲ್ಲಿ ಹೇಳಲೇಬೇಕು. ಈ ಎರಡೂ ಕಟ್ಟಡಗಳ ಒಡೆತನ ಖಾಸಗಿಯವರದಲ್ಲ, ನಗರಪಾಲಿಕೆಯದು. ಹಿಂಜರಿಯುವ ಮಾಲೀಕನನ್ನು ಒಪ್ಪಿಸುವ ಸಮಸ್ಯೆ ಇಲ್ಲಿರಲಿಲ್ಲ. ನಗರದ ಹಿತವನ್ನು ಕಾಯಬೇಕಾದ ಸಂಸ್ಥೆಯೇ ಮಾಲೀಕನಾಗಿತ್ತು. ಹಾಗಿದ್ದೂ ಕಟ್ಟಡಗಳು ಕುಸಿದುವೆಂದರೆ, ಕೊರತೆಯಿದ್ದುದು ಗುರುತಿಸುವಿಕೆಯಲ್ಲಲ್ಲ, ಕ್ರಮಬದ್ಧವಾದ ತಪಾಸಣೆ ಮತ್ತು ದುರಸ್ತಿಯಲ್ಲಿ ಎಂಬ ನಿರ್ಣಯಕ್ಕೆ ಬರಬೇಕಾಗುತ್ತದೆ. ಶಿಥಿಲವಾದ ಮೇಲೆ ನಡೆಯುವ ಚರ್ಚೆಯಲ್ಲಿ ಸಂರಕ್ಷಣೆಯ ಪರವಾದ ವಾದ ಯಾವಾಗಲೂ ದುರ್ಬಲವೇ. ಏಕೆಂದರೆ ಅದರೆದುರು ಜನರ ಪ್ರಾಣದ ಪ್ರಶ್ನೆ ನಿಂತಿರುತ್ತದೆ.

ಉಪಸಂಹಾರ

ಈ ವಿವೇಚನೆಯಿಂದ ಕೆಲವು ಸಲಹೆಗಳು ತಾವಾಗಿ ಹೊರಡುತ್ತವೆ. ಪಟ್ಟಿಗೆ ಸೇರಿಸಿದ ಪ್ರತಿಯೊಂದು ಪೇಟೆ ಕಟ್ಟಡಕ್ಕೂ ನಿಯತಕಾಲಿಕ ತಪಾಸಣೆ ಕಡ್ಡಾಯವಾಗಬೇಕು. ಚಾವಣಿ, ನೀರಿನ ಕೊಳವೆ, ಮರದ ತೊಲೆಗಳ ಸ್ಥಿತಿಯನ್ನು ಮಳೆಗಾಲಕ್ಕೆ ಮುಂಚೆ ದಾಖಲಿಸಬೇಕು. ಗಾರೆ, ಮರ, ಕಲ್ಲಿನ ಕೆಲಸವನ್ನು ಬಲ್ಲ ಕುಶಲಕರ್ಮಿಗಳ ನೆರವು ಪಾಲಿಕೆಗೆ ಲಭ್ಯವಿರಬೇಕು. ಕಟ್ಟಡದ ಬಾಡಿಗೆಯಲ್ಲಿ ಒಂದು ಪಾಲನ್ನು ಅದೇ ಕಟ್ಟಡದ ದುರಸ್ತಿಗೆ ಮೀಸಲಿಡಬೇಕು. ದುರಸ್ತಿಗಾಗಿ ಮಳಿಗೆಯನ್ನು ತೆರವುಗೊಳಿಸುವ ವ್ಯಾಪಾರಿಗೆ ಮರಳಿ ಅದೇ ಸ್ಥಳ ದೊರೆಯುವುದೆಂಬ ಲಿಖಿತ ಭರವಸೆ ಇರಬೇಕು. ಅದಿಲ್ಲದಿದ್ದರೆ ಅವನು ಬಿರುಕುಬಿಟ್ಟ ಗೋಡೆಯ ಕೆಳಗೇ ಕುಳಿತಿರುತ್ತಾನೆ.

ಪಟ್ಟಿ ಅನಾವಶ್ಯಕವೆಂದು ಇದರ ಅರ್ಥವಲ್ಲ. ಪಟ್ಟಿಯಿಲ್ಲದ ಊರಿನಲ್ಲಿ ಕಟ್ಟಡವು ಒಂದು ರಾತ್ರಿಯಲ್ಲಿ ಕಾಣೆಯಾಗಬಹುದು. ಪಟ್ಟಿಯಿರುವ ಊರಿನಲ್ಲಿ ಕೇಳುವ, ಯೋಚಿಸುವ ಅವಕಾಶವಾದರೂ ಇರುತ್ತದೆ. ಆದರೆ ಪಟ್ಟಿಗೆ ಹೆಸರು ಸೇರಿದ ದಿನ ರಕ್ಷಣೆಯ ಕಾರ್ಯ ಮುಗಿಯುವುದಿಲ್ಲ, ಆರಂಭವಾಗುತ್ತದೆ. ದಾಖಲಾತಿಯನ್ನು ಸಿದ್ಧಪಡಿಸುವ ಇತಿಹಾಸಕಾರನೂ, ನಿಯಮವನ್ನು ಜಾರಿಗೊಳಿಸುವ ಅಧಿಕಾರಿಯೂ, ಮೊಗಸಾಲೆಯ ನೆರಳಿನಲ್ಲಿ ಅಂಗಡಿಯ ಬಾಗಿಲು ತೆರೆಯುವ ವ್ಯಾಪಾರಿಯೂ ಈ ಕಾರ್ಯದಲ್ಲಿ ಸಮಾನ ಹೊಣೆಗಾರರು.